ಹೊರಗಿಟ್ಟ ಲೋಟ, ಒಳಗಿನ ಪಾಸ್‌ವರ್ಡು



ಕ್ಯಾಸಲ್‌ರಾಕ್ ಅಂದ್ರೆ ಹೊರಗಿನವರಿಗೆ ದೂಧಸಾಗರ, ಮಳೆ, ಘಟ್ಟ ಇಳಿಯೋ ರೈಲು. ಜೋಯಿಡಾ ತಾಲೂಕಿನ ನಮಗೆ ಮೊದಲು ನೆನಪಾಗೋದು ಮೊಬೈಲ್ ಸಿಗ್ನಲ್ಲು, ಅಂದ್ರೆ ಅದು ಇಲ್ಲದಿರೋದು. ಈ ಕಾಡಿಗೆ ಹೊರಜಗತ್ತು ತಡವಾಗಿ ಬಂತು ಅಂತ ಮಾತ್ರ ಯಾರೂ ಹೇಳಬೇಡಿ. 1880ರ ದಶಕದಲ್ಲೇ ಮುರ್ಮುಗೋವಾ ಬಂದರಿನಿಂದ ಪೋರ್ಚುಗೀಸರ ಹಳಿ ಘಟ್ಟ ಹತ್ತಿ ಬಂದು ಇಲ್ಲಿ ಬ್ರಿಟಿಷ್ ಸೀಮೆ ಮುಟ್ಟಿತು. 1961ರಲ್ಲಿ ಗೋವಾ ಬಿಡುಗಡೆಯಾಗುವವರೆಗೂ ಇದು ಎರಡು ಸರ್ಕಾರಗಳ ನಡುವಿನ ಗಡಿ ಸ್ಟೇಷನ್. ಅಂಥ ಊರಿನ ಸುತ್ತಲಿನ ಹಳ್ಳಿಯ ಹುಡುಗಿ ಇವತ್ತು ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಗುಡ್ಡ ಹತ್ತಬೇಕು. ಇಲ್ಲಾ, ಪ್ರವಾಸಿಗರಿಗೆ ವೈಫೈ ಹಾಕಿಸಿಕೊಂಡಿರೋ ಕಾಫಿ ಅಂಗಡಿಯ ಕಟ್ಟೆ ಪಕ್ಕ ನಿಲ್ಲಬೇಕು.

ಆ ಕಾಫಿ ಅಂಗಡಿ ಬಗ್ಗೆಯೇ ಇವತ್ತಿನ ಬರಹ. ಒಂದು ಕಾಫಿ ತಗೊಂಡು ಮೂರು ತಾಸು ಲ್ಯಾಪ್‌ಟಾಪ್ ಬಿಚ್ಚಿ ಕೂರೋದು ಸರಿಯಾ ತಪ್ಪಾ ಅಂತ ನಗರದ ಗೆಳೆಯರು ಚರ್ಚೆ ಮಾಡ್ತಾರೆ. ಮಾಡಲಿ. ನಮ್ಮವರ ಪ್ರಶ್ನೆ ಅದಕ್ಕಿಂತ ಹಳೇದು: ಕಾಫಿ ಅಂಗಡಿಯೊಳಗೆ ಕೂರೋ ಹಕ್ಕು ಯಾರದು?

ನಮ್ಮ ಅಜ್ಜಂದಿರ ಕಾಲಕ್ಕೆ ಹೋಟೆಲ್ ಅಂದ್ರೆ ಹೊರಗಡೆ ಗೂಟಕ್ಕೆ ಸಿಕ್ಕಿಸಿದ ಬೇರೆ ಲೋಟ, ಇಲ್ಲವೇ ತೆಂಗಿನ ಗರಟೆ. ಕುಡಿದವರೇ ತೊಳೆದಿಡಬೇಕು. ಕಾಯ್ದೆ ಇರಲಿಲ್ಲವೇ? ಇತ್ತು ರೀ. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1923ರಲ್ಲಿ ಎಸ್.ಕೆ. ಬೋಲೆಯವರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ತಂದ ಗೊತ್ತುವಳಿ, ಸರ್ಕಾರಿ ದುಡ್ಡಿನ ಕೆರೆ, ಬಾವಿ, ಧರ್ಮಶಾಲೆ ಎಲ್ಲವೂ ಅಸ್ಪೃಶ್ಯರಿಗೆ ತೆರೆದಿರಬೇಕು ಅಂತ ಹೇಳಿತು. ಮಹಾಡದ ಪುರಸಭೆ 1924ರಲ್ಲಿ ಅದನ್ನೊಪ್ಪಿ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿದೆ ಅಂತ ಠರಾವು ಮಾಡಿತು. ಕಾಗದದ ಮೇಲೆ ಕೆರೆ ತೆರೆದಿತ್ತು, ನೀರು ಮುಟ್ಟೋಕೆ ಮಾತ್ರ ಬಿಡಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ಸಾವಿರಾರು ಜನರನ್ನು ಕರಕೊಂಡು ಹೋಗಿ ಬೊಗಸೆ ನೀರು ಎತ್ತಬೇಕಾಯಿತು. ಸಂವಿಧಾನದ 15(2)ನೇ ವಿಧಿ ಓದಿ ನೋಡಿ. ಕೆರೆ, ಬಾವಿ, ರಸ್ತೆಗಳ ಜೊತೆಗೆ ಅಂಗಡಿ, ಹೋಟೆಲುಗಳನ್ನೂ ಹೆಸರು ಹಿಡಿದು ಬರೆದಿದೆ. ಚಹಾ ಲೋಟದ ಅವಮಾನ ಉಂಡವರ ಜನದಿಂದ ಬಂದವರು ಕರಡು ಸಮಿತಿಯ ಅಧ್ಯಕ್ಷರಾಗಿದ್ದರು ಅನ್ನೋದು ಅಲ್ಲಿ ಗೊತ್ತಾಗುತ್ತೆ. ಆಮೇಲೂ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬೇಕಾಯಿತು, ಅದಾದ ಮೇಲೂ ದಸಂಸದವರು ಊರೂರಿನಲ್ಲಿ ಹೋಟೆಲ್ ಪ್ರವೇಶ ಮಾಡಬೇಕಾಯಿತು.

ಈಗ ಇಂಟರ್‌ನೆಟ್‌ಗೆ ಬನ್ನಿ. ನಮ್ಮ ರಾಜ್ಯದಲ್ಲಿ ಕಾಫಿಗೂ ಇಂಟರ್‌ನೆಟ್‌ಗೂ ನಂಟು ಹಳೇದು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರುವಾದದ್ದೇ ಸೈಬರ್ ಕೆಫೆಯಾಗಿ. ಇಂಟರ್‌ನೆಟ್ ಜನಸಾಮಾನ್ಯರಿಗೆ ಅಂತ ಬಂದು ಆಗ ವರ್ಷವೂ ತುಂಬಿರಲಿಲ್ಲ. 2005ರಲ್ಲಿ ವೈಫೈ ನಡೆಯೋ 2.4 ಗಿಗಾಹರ್ಟ್ಸ್ ತರಂಗಕ್ಕೆ ಲೈಸೆನ್ಸ್ ಬೇಡ ಅಂತ ಕೇಂದ್ರ ಸರ್ಕಾರ ಹೇಳಿತು. ಡಬ್ಬಿ ತಂದು ಗೋಡೆಗೆ ಹೊಡೆದರೆ ಮುಗೀತು. ಆದರೆ 2008ರ ಬಾಂಬ್ ಸ್ಫೋಟಗಳ ಇಮೇಲುಗಳು ಯಾರದೋ ಬೀಗವಿಲ್ಲದ ವೈಫೈನಿಂದ ಹೋಗಿದ್ದವು ಅನ್ನೋದು ಹೊರಬಿದ್ದ ಮೇಲೆ, 2009ರಲ್ಲಿ ಗುರುತು ಖಾತ್ರಿ ಮಾಡದೆ ಯಾರಿಗೂ ಸಾರ್ವಜನಿಕ ವೈಫೈ ಕೊಡಬೇಡಿ ಅಂತ ಆದೇಶ ಬಂತು. 2011ರ ಸೈಬರ್ ಕೆಫೆ ನಿಯಮ ಗುರುತಿನ ಚೀಟಿ ಕೇಳಿತು, ಒಂದು ವರ್ಷ ರಿಜಿಸ್ಟರ್ ಇಟ್ಟುಕೊಳ್ಳಿ ಅಂದಿತು. ಭದ್ರತೆಗೆ ಅಂತಾರೆ, ಇರಬಹುದು. ಆದರೆ ಹಳ್ಳಿಯಲ್ಲಿ ರಿಜಿಸ್ಟರ್ ಅಂದ್ರೆ ಹೆಸರು, ಅಡ್ಡಹೆಸರು, ಯಾವ ಕೇರಿ. ಜಾತಿ ಕೇಳಬೇಕಾಗಿಯೇ ಇಲ್ಲ, ನಾವೇ ಬರೆದುಕೊಟ್ಟ ಹಾಗೆ.

ನಮ್ಮ ಭಾಗದ ಒಂದು ಕಾಫಿ ಅಂಗಡಿಯಲ್ಲಿ (ಹೆಸರು ಬೇಡ) ನಾನೂ ಇಬ್ಬರು ಹುಡುಗರೂ ದುಡ್ಡು ಕೊಟ್ಟೇ ಕಾಫಿ ಕುಡಿದು ಪಾಸ್‌ವರ್ಡ್ ಕೇಳಿದೆವು. "ನೆಟ್ ಇಲ್ಲಪ್ಪ" ಅಂದರು. ಪಕ್ಕದ ಟೇಬಲಿನ ಪ್ರವಾಸಿಗರ ವಿಡಿಯೋ ಕಾಲ್ ಜೋರಾಗಿಯೇ ನಡೆದಿತ್ತು. ಜಾತಿಗೋ, ಬಟ್ಟೆಗೋ, ಚಪ್ಪಲಿಗೋ ಅಂತ ಸಾಬೀತು ಮಾಡೋಕಾಗಲ್ಲ. ಹೊರಗಿಟ್ಟ ಲೋಟಕ್ಕಾದರೆ ಫೋಟೋ ಇರ್ತಿತ್ತು, ಕೇಸು ಹಾಕಬಹುದಿತ್ತು. ಕೊಡದ ಪಾಸ್‌ವರ್ಡಿಗೆ ಪಂಚನಾಮೆ ಎಲ್ಲಿಂದ ತರೋಣ?

1995ರ ಸುಪ್ರೀಂ ಕೋರ್ಟ್ ತೀರ್ಪೊಂದು ನಮ್ಮವರು ಓದಬೇಕಾದದ್ದು. ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಸಾರ ಹಕ್ಕಿನ ಜಗಳ ಅದು. ಅದರಲ್ಲಿ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಗಾಳಿಯಲ್ಲಿರೋ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಬರೆದರು. ಕೆರೆ ಹೇಗೋ ಹಾಗೆ. ಹಾಗಾದ್ರೆ ಈ ಕೆರೆಗೆ ಮೆಟ್ಟಿಲು ಕಟ್ಟೋರು ಯಾರು?

2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ-ವಾಣಿ ಅನ್ನೋ ವ್ಯವಸ್ಥೆ ಒಪ್ಪಿತು. ಅದರ ಪ್ರಕಾರ ಚಹಾ ಅಂಗಡಿ, ಕಿರಾಣಿ ಅಂಗಡಿ ಯಾರು ಬೇಕಾದ್ರೂ ವೈಫೈ ಮಾರಬಹುದು. ಲೈಸೆನ್ಸ್ ಬೇಡ, ಫೀ ಇಲ್ಲ. ಗಿರಾಕಿ ಮೊಬೈಲಿಗೆ ಒಟಿಪಿ ಬರುತ್ತೆ, ಚಿಲ್ಲರೆ ದುಡ್ಡಿಗೆ ಕೂಪನ್ ತಗೊಳ್ತಾನೆ. ಒಟಿಪಿ ಯಾವ ಕೇರಿ ಅಂತ ಕೇಳಲ್ಲ. ಹಿಂದಿನ ಎಸ್‌ಟಿಡಿ ಬೂತಿನ ಹಾಗೇ ಇದು. ಯೋಜನೆ ತಂದವರ ರಾಜಕೀಯದ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಗೊತ್ತೇ ಇದೆ, ಆದರೂ ಈ ಬಾಗಿಲು ನಮಗೆ ಬೇಕು. 2018ರ ದೂರಸಂಪರ್ಕ ನೀತಿ 2022ರೊಳಗೆ 1 ಕೋಟಿ ಸಾರ್ವಜನಿಕ ಹಾಟ್‌ಸ್ಪಾಟ್ ಅಂದಿತ್ತು. 2024ರ ಕೊನೆಗೂ ಪಿಎಂ-ವಾಣಿ ಅಡಿ ಆದದ್ದು ಸುಮಾರು 2.5 ಲಕ್ಷ. ಒಂದು ಮುಖ್ಯ ಕಾರಣ, ಕಂಪನಿಗಳು ಚಹಾ ಅಂಗಡಿಯವನಿಗೂ ದೊಡ್ಡ ಆಫೀಸಿನ ಲೈನಿನ ರೇಟು ಹೇಳ್ತಿದ್ದವು. 2025ರ ಜೂನ್‌ನಲ್ಲಿ ಟ್ರಾಯ್ ಅದಕ್ಕೆ ಮಿತಿ ಹಾಕಿದೆ: 200 ಎಂಬಿಪಿಎಸ್‌ವರೆಗಿನ ಪ್ಲಾನಿಗೆ ಮನೆಯವರ ರೇಟಿನ ಎರಡು ಪಟ್ಟು ಮೀರುವಂತಿಲ್ಲ. ಮನೆಗೆ 600 ರೂಪಾಯಿ ಇದ್ದರೆ ಅಂಗಡಿಗೆ 1,200, ಅಷ್ಟೇ.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ನಾವು ಕೇಳೋದು ಎರಡು. ಭಾರತ್‌ನೆಟ್ ಕೇಬಲ್ ಪಂಚಾಯಿತಿ ಆಫೀಸಿನವರೆಗೆ ಬಂದಿದೆಯಾ, ಬಂದಿದ್ದರೆ ನಡೀತಿದೆಯಾ? ಎರಡನೇದು, 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹಣದಲ್ಲಿ ಸ್ಟೇಷನ್ ಆಸುಪಾಸು ಚಹಾ ಮಾರೋ ನಮ್ಮ ಹೆಣ್ಮಕ್ಕಳಿಗೆ ಆ ಡಬ್ಬಿ, ಒಂದು ವರ್ಷದ ಲೈನು, ಕರೆಂಟ್ ಹೋದಾಗ ನಡೆಯೋಕೆ ಬ್ಯಾಟರಿ ಕೊಡಿಸಿ. ಇಲ್ಲಿ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಬ್ಯಾಟರಿ ಮರೀಬೇಡಿ. ಅರ್ಜಿಯ ಕರಡು ತಯಾರಿದೆ. ದಾಂಡೇಲಿ, ಹಳಿಯಾಳ, ಮುಂಡಗೋಡ ಕಡೆಯ ಗೆಳೆಯರು ಕೇಳಿದರೆ ಕಳಿಸ್ತೀನಿ.