ವಿಶ್ವಕೋಶದ ಹೊಸ ಲೇಖಕರು: ಪುಣೆಯ ಪ್ರಯೋಗವೂ ನಮ್ಮ ತರಗತಿಯೂ

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದುದು 1969ರಲ್ಲಿ. ಆಯಾ ವಿಷಯದಲ್ಲಿ ನುರಿತ ವಿದ್ವಾಂಸರು ಬರೆದುದನ್ನು ಸಂಪಾದಕವರ್ಗದವರು ತಿದ್ದಿದ ಮೇಲೆಯೇ ಅದು ಅಚ್ಚಾಗುತ್ತಿತ್ತು. 2001ರಲ್ಲಿ ಅಂತರಜಾಲದಲ್ಲಿ ಹುಟ್ಟಿ 2003ರಲ್ಲಿ ಕನ್ನಡಕ್ಕೂ ಬಂದ ವಿಕಿಪೀಡಿಯದ ಪದ್ಧತಿ ಇದಕ್ಕೆ ತೀರ ಭಿನ್ನವಾದುದು. ಇಲ್ಲಿ ಓದುಗನೇ ಲೇಖಕ, ತಿದ್ದುವವನೂ ಅವನೇ. ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ಮಧ್ಯಾಹ್ನ ಬರೆದ ವಾಕ್ಯವನ್ನು ಸಂಜೆಯೊಳಗೆ ಯಾರು ಬೇಕಾದರೂ ಓದಿ ನಂಬಬಹುದು. ಇಂಥ ಕೆಲಸಕ್ಕೆ ಹೊಸಬರನ್ನು ಅಣಿಗೊಳಿಸುವ ಪ್ರಯತ್ನಕ್ಕೆ ಈಗಾಗಲೇ ಒಂದು ಸಣ್ಣ ಇತಿಹಾಸವುಂಟು.

ವಿದ್ಯಾರ್ಥಿಗಳಿಂದ ಲೇಖನಗಳನ್ನು ಬರೆಯಿಸುವ ಯೋಜನೆಯೊಂದನ್ನು ವಿಕಿಮೀಡಿಯ ಪ್ರತಿಷ್ಠಾನವು 2010ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿತು. ಮರುವರ್ಷ ಅದೇ ಮಾದರಿಯನ್ನು ಪುಣೆಯ ಕೆಲವು ಕಾಲೇಜುಗಳಿಗೆ ತಂದರು. ನೂರಾರು ವಿದ್ಯಾರ್ಥಿಗಳು ಇಂಗ್ಲಿಷ್ ವಿಕಿಪೀಡಿಯದಲ್ಲಿ ಏಕಕಾಲಕ್ಕೆ ಬರೆಯತೊಡಗಿದರು. ಕೆಲವೇ ತಿಂಗಳಲ್ಲಿ ಕಂಡುಬಂದುದೇನೆಂದರೆ, ಆ ಬರಹಗಳಲ್ಲಿ ಬಹಳಷ್ಟು ಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ಇದ್ದಂತೆಯೇ ಎತ್ತಿಕೊಂಡವು. ಕೃತಿಸ್ವಾಮ್ಯಕ್ಕೆ ಭಂಗ ತರುವ ಬರಹವನ್ನು ವಿಕಿಪೀಡಿಯ ಉಳಿಸಿಕೊಳ್ಳುವಂತಿಲ್ಲ. ಸಂಬಳವಿಲ್ಲದೆ ದುಡಿಯುವ ಹಳೆಯ ಸಂಪಾದಕರು ಅವನ್ನು ಮೂಲಗಳೊಡನೆ ಹೋಲಿಸಿ ಅಳಿಸಬೇಕಾಯಿತು. 2011 ಮುಗಿಯುವುದರೊಳಗೆ ಯೋಜನೆ ನಿಂತುಹೋಯಿತು.

ಇದನ್ನು ವಿದ್ಯಾರ್ಥಿಗಳ ಅಪ್ರಾಮಾಣಿಕತೆಯೆಂದು ತಳ್ಳಿಹಾಕುವುದು ಸುಲಭ, ನಾವು ಅದನ್ನೊಪ್ಪುವುದಿಲ್ಲ. ಅವರಿಗೆ ದಾರಿ ತೋರಬೇಕಾದವರಲ್ಲಿ ಅನೇಕರು ತಾವೇ ಆ ಕೆಲಸಕ್ಕೆ ಹೊಸಬರಾಗಿದ್ದರು. ಅದಕ್ಕಿಂತ ಮುಖ್ಯವಾದ ಕಾರಣ ನಮ್ಮ ತರಗತಿಗಳಲ್ಲಿಯೇ ಇದೆ. ಅಧ್ಯಾಪಕನು ಟಿಪ್ಪಣಿಯನ್ನು ಹೇಳಿ ಬರೆಯಿಸುತ್ತಾನೆ. ಅದನ್ನು ಅಕ್ಷರ ಬಿಡದೆ ಒಪ್ಪಿಸಿದವನಿಗೆ ಪರೀಕ್ಷೆಯಲ್ಲಿ ಹೆಚ್ಚು ಅಂಕ. ಹದಿನೈದು ವರ್ಷ ಗುಣವೆಂದು ಎಣಿಸಿದ್ದು ಹದಿನಾರನೆಯ ವರ್ಷ ಅಪರಾಧವಾದರೆ ಹುಡುಗರು ಏನು ತಿಳಿಯಬೇಕು?

ನಮಗೂ ಇದೇ ಅನುಭವವಾಯಿತು. ನಮ್ಮ ಮೊದಲ ತಂಡದವರು ಕೈಪಿಡಿಯೊಂದರ ಪುಟಗಳನ್ನು ಹಾಗೆಯೇ ಇಳಿಸಿದರು. ಮರುದಿನವೇ ಅವು ಅಳಿಸಿಹೋದುವು. ಮೂಲವನ್ನು ಓದಿ, ಮುಚ್ಚಿಟ್ಟು, ಸ್ವಂತ ಮಾತಿನಲ್ಲಿ ಬರೆಯುವುದನ್ನು ನಾವು ಕಲಿಸಿಯೇ ಇರಲಿಲ್ಲ. (2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅವುಗಳಿಂದ ಎತ್ತಿಕೊಳ್ಳಬಹುದು, ಆದರೆ ಮೂಲವನ್ನು ಹೆಸರಿಸಲೇಬೇಕು.)

ಈಗ ನಾವು ಯಾರಿಂದಲೂ ಮೊದಲಿಗೇ ಲೇಖನ ಬರೆಯಿಸುವುದಿಲ್ಲ. ಇರುವ ಲೇಖನಕ್ಕೆ ಒಂದೇ ವಾಕ್ಯ, ಅದಕ್ಕೆ ಒಂದೇ ಆಧಾರ. ಅದೂ ಮೊದಲು ಅವರವರ ಪ್ರಯೋಗಪುಟದಲ್ಲಿ. ಹಲ್ಮಿಡಿ ಶಾಸನವನ್ನು ತೆಗೆದುಕೊಳ್ಳೋಣ. ಅದರ ಕಾಲ ಕ್ರಿ.ಶ. 450 ಎಂದು ಎಲ್ಲ ವಿದ್ಯಾರ್ಥಿಗಳೂ ಬಾಯಿಪಾಠವಾಗಿ ಬಲ್ಲರು. ಶಾಸನದಲ್ಲಿ ತೇದಿಯೇ ಇಲ್ಲವೆಂದು ಬಲ್ಲವರು ವಿರಳ. 450 ಎಂಬುದು ಲಿಪಿ ಮೊದಲಾದುವುಗಳಿಂದ ಮಾಡಿದ ಊಹೆ; ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. "ಯಾರು ಹೇಳಿದರು, ಎಲ್ಲಿ ಹೇಳಿದರು" ಎಂದು ಕೇಳಿ ಆ ಒಂದು ಸಂಖ್ಯೆಗೆ ಆಧಾರ ಹುಡುಕಿಸುವುದರಲ್ಲಿ ಎರಡು ತರಗತಿಗಳು ಕಳೆದುವು. ಅಷ್ಟು ಇತಿಹಾಸವನ್ನು ನಾವು ಒಂದು ತಿಂಗಳ ಉಪನ್ಯಾಸದಲ್ಲಿಯೂ ಕಲಿಸಿದ್ದಿಲ್ಲ.

ಪ್ರತಿಯೊಂದು ಲೇಖನದ ಬೆನ್ನಿಗೂ "ಇತಿಹಾಸ"ವೆಂಬ ಪುಟವಿರುತ್ತದೆ. ಯಾರು, ಯಾವ ದಿನ, ಯಾವ ಗಳಿಗೆಯಲ್ಲಿ ಏನನ್ನು ಬದಲಿಸಿದರೆಂಬುದು ಅಲ್ಲಿ ದಾಖಲಾಗಿರುತ್ತದೆ. ಓಲೆಗರಿಯ ಪ್ರತಿಗಳಲ್ಲಿ ಪಾಠಾಂತರಗಳನ್ನು ಹುಡುಕಿ ಬಳಲಿದ ನಮ್ಮ ಹಿರಿಯರಿಗೆ ಇಂಥದು ದೊರೆತಿದ್ದರೆ! ಹೊಸಬನ ವಾಕ್ಯವನ್ನು ಬೇರೊಬ್ಬರು ಅಳಿಸಿದಾಗ ಮೊದಲು ಆ ಪುಟವನ್ನು, ಅನಂತರ ಚರ್ಚಾಪುಟವನ್ನು ನೋಡಬೇಕೆಂದು ಹೇಳುತ್ತೇವೆ. ಅಲ್ಲಿಗೂ ತೀರದಿದ್ದರೆ ಕನ್ನಡ ವಿಕಿಪೀಡಿಯದ ಅರಳಿ ಕಟ್ಟೆಯಿದೆ.

ಒಂದು ನಿಯಮ ಮಾತ್ರ ಇತಿಹಾಸದ ವಿದ್ಯಾರ್ಥಿಗೆ ನುಂಗಲಾರದ ತುತ್ತು: ಬೇರೆಡೆ ಪ್ರಕಟವಾಗದ ಸ್ವಂತ ಶೋಧನೆಗೆ ಅಲ್ಲಿ ಎಡೆಯಿಲ್ಲ. ನಮ್ಮ ವಿದ್ಯಾರ್ಥಿಯೊಬ್ಬ ತನ್ನೂರ ಕೆರೆಯ ಏರಿಯ ಮೇಲಿರುವ ವೀರಗಲ್ಲನ್ನು ತಾನೇ ಓದಿಕೊಂಡು ಬಂದ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಅದು ನಮಗೆ ಕಾಣಲಿಲ್ಲ. ವಿಕಿಪೀಡಿಯದಲ್ಲಿ ಅದನ್ನು ಸೇರಿಸಕೂಡದೆಂದಾಗ ಅವನ ಮುಖ ಬಾಡಿತು. ಬಲ್ಲವರಿಗೆ ತೋರಿಸಿ, ಸಂಶೋಧನ ಪತ್ರಿಕೆಯೊಂದರಲ್ಲಿ ಮೊದಲು ಪ್ರಕಟಿಸೆಂದೆವು. ಕಳೆದ ವಾರ ಅವನು ನಮ್ಮ ವಿಭಾಗದಿಂದ ಮಸಿಯನ್ನೂ ಕಾಗದವನ್ನೂ ಕೇಳಿ ಪಡೆದು, ಶಾಸನದ ಪಡಿಯಚ್ಚು ತೆಗೆಯಲು ಊರಿಗೆ ಹೋಗಿದ್ದಾನೆ.