ಗುರ್ಜರ ನೆಲದಲ್ಲಿ ಸಿಂಧೀ ನಿರಾಶ್ರಿತರು

ದೇಶವಿಭಜನೆಯ ಚರಿತ್ರೆಯಲ್ಲಿ ಪಂಜಾಬು, ಬಂಗಾಳಗಳ ಹೆಸರು ಕೇಳಿಬರುವಷ್ಟು ಸಿಂಧದ ಹೆಸರು ಕೇಳಿಬರುವುದಿಲ್ಲ. ಆ ಎರಡು ಪ್ರಾಂತಗಳು ಒಡೆದಾಗ ಒಂದೊಂದು ಪಾಲು ಭಾರತದಲ್ಲಿಯೇ ಉಳಿಯಿತು. ಸಿಂಧವಾದರೋ 1947ರ ಆಗಸ್ಟಿನಲ್ಲಿ ಇಡಿಯಾಗಿ ಪಾಕಿಸ್ತಾನಕ್ಕೆ ಸೇರಿತು. ಆದುದರಿಂದ ಸಿಂಧೀ ಹಿಂದೂಗಳು ಮನೆಮಾರುಗಳೊಡನೆ ತಮ್ಮ ನುಡಿಗೆ ಆಸರೆಯಾಗಿದ್ದ ನೆಲವನ್ನೇ ತೊರೆದು ಬರಬೇಕಾಯಿತು.

ಸಿಂಧವು ಕನ್ನಡಿಗರಿಗೆ ತೀರ ಹೊರಗಿನದಲ್ಲ. 1936ರ ಏಪ್ರಿಲ್ 1ರಂದು ಪ್ರತ್ಯೇಕ ಪ್ರಾಂತವಾಗುವವರೆಗೂ ಅದು ಅಹಮದಾಬಾದು, ಸೂರತ್ತುಗಳಂತೆ, ಧಾರವಾಡ, ಬೆಳಗಾಂವಿಗಳಂತೆ ಮುಂಬಯಿ ಆಧಿಪತ್ಯದ ಅಂಗವಾಗಿದ್ದಿತು. 1920ರ ದಶಕದಲ್ಲಿ ಅಹಮದಾಬಾದಿನ ಗುಜರಾತ ವಿದ್ಯಾಪೀಠದ ಆಚಾರ್ಯರಾಗಿದ್ದ ಜೆ. ಬಿ. ಕೃಪಲಾನಿಯವರು ಸಿಂಧದ ಹೈದರಾಬಾದಿನವರು. ಆಚಾರ್ಯರಿಗೆ ಅಂದು ದೊರೆತ ಆದರ, ಎರಡು ದಶಕಗಳ ತರುವಾಯ ನಿರಾಶ್ರಿತರಾಗಿ ಬಂದ ಅವರ ನಾಡವರಿಗೆ ಸುಲಭವಾಗಿ ದೊರೆಯಲಿಲ್ಲ.

1948ರ ಜನವರಿ 6ರಂದು ಕರಾಚಿಯಲ್ಲಿ ನಡೆದ ಗಲಭೆಯಿಂದ ವಲಸೆಯು ಪ್ರವಾಹವಾಯಿತು. ಕೆಲವರು ಮರುಭೂಮಿಯ ರೈಲುಮಾರ್ಗವಾಗಿ, ಕೆಲವರು ಹಡಗುಗಳಲ್ಲಿ ಬಂದರು. ಅಹಮದಾಬಾದಿನ ಕುಬೇರನಗರ ಮತ್ತು ಸರದಾರನಗರ, ವಡೋದರೆಯ ವಾರಸಿಯಾ, ಸೂರತ್ತಿನ ರಾಮನಗರಗಳು ಕ್ರಮೇಣ ಅವರ ನೆಲೆಗಳಾದವು.

ಶಿಬಿರವಾಸದ ಕಷ್ಟಗಳು ಅನ್ನ, ನೀರು, ನೆರಳುಗಳ ಕೊರತೆಯಷ್ಟೇ ಆಗಿರಲಿಲ್ಲ. ಮುಂಬಯಿ ಪ್ರಾಂತದ ಶಿಬಿರಗಳಲ್ಲಿ ಒಂದೇ ಸೂರಿನಡಿ ಹಲವು ಸಂಸಾರಗಳು ಬಟ್ಟೆಯ ಮರೆ ಕಟ್ಟಿಕೊಂಡು ದಿನ ನೂಕಿದವು. ಅಂಗಡಿ, ಹುದ್ದೆಗಳಿದ್ದವರು ಬೀದಿಯಲ್ಲಿ ಹಪ್ಪಳ, ಮಿಠಾಯಿ, ಬಟ್ಟೆಗಳನ್ನು ಮಾರಿದರು. ಅವರು ಅಲ್ಪ ಲಾಭಕ್ಕೆ ಸರಕು ಬಿಟ್ಟುಕೊಟ್ಟುದು ಸ್ಥಳೀಯ ವರ್ತಕರಿಗೆ ಸೈರಣೆಯಾಗಲಿಲ್ಲ. ಬಿಟ್ಟುಬಂದ ಆಸ್ತಿಗೆ ಪರಿಹಾರ ಕೊಡುವ ಶಾಸನ 1954ರಲ್ಲಿ ಬಂದಿತು. ಆದರೆ ಆಸ್ತಿಯೇ ಇಲ್ಲದವನು ಕಳೆದುಕೊಂಡ ಬದುಕಿಗೆ ಬೆಲೆ ಕಟ್ಟುವವರಾರು?

ಮೀನು, ಮಾಂಸ ತಿನ್ನುವವರೆಂಬುದು, ಅರಬ್ಬೀ ಮೂಲದ ಲಿಪಿಯಲ್ಲಿ ಬರೆಯುವವರೆಂಬುದು, ಸೂಫೀ ಸಂತರಿಗೆ ನಡೆದುಕೊಳ್ಳುವವರೆಂಬುದು ಗುಜರಾತಿನ ಮೇಲ್ವರ್ಗದಲ್ಲಿ ಶಂಕೆಯನ್ನು ಹುಟ್ಟಿಸಿದವು. ಧರ್ಮದ ಕಾರಣದಿಂದ ನಾಡು ಬಿಟ್ಟವರು ಇಲ್ಲಿ ಮತ್ತೆ ತಮ್ಮ ಧರ್ಮಕ್ಕೆ ಸಾಕ್ಷ್ಯ ನೀಡಬೇಕಾಯಿತು. ಅನೇಕರು ಊಟ, ಉಡುಪು, ಮಾತುಗಳನ್ನು ಬದಲಿಸಿಕೊಂಡರು. ಮಕ್ಕಳು ಗುಜರಾತೀ ಶಾಲೆಗಳಿಗೆ ಹೋದರು.

ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸಿಂಧಿಗೆ ಸ್ಥಾನ ದೊರೆತುದು 1967ರ ಏಪ್ರಿಲ್ 10ರಂದು. ಆ ವೇಳೆಗೆ ಶಿಬಿರಗಳು ಬಡಾವಣೆಗಳಾಗಿದ್ದವು, ವ್ಯಾಪಾರ ಕುದುರಿತ್ತು, ಆದರೆ ಹೊಸ ತಲೆಮಾರಿನಲ್ಲಿ ತಾಯ್ನುಡಿ ಅಡುಗೆಮನೆಗೆ ಸರಿಯತೊಡಗಿತ್ತು. ಹೊರನಾಡ ಕನ್ನಡಿಗನು ಭಾಷೆಯನ್ನು ಮರೆತರೆ, ಮರಳಿ ಕಲಿಯಲು 1956ರಲ್ಲಿ ಒಂದುಗೂಡಿದ ನಾಡೊಂದಿದೆ. ಸಿಂಧಿಯೂ ಸಿಂಧದಲ್ಲಿ ಜೀವಂತವಾಗಿದೆ; ನಡುವೆ ಗಡಿ ನಿಂತಿದೆ. ಪುನರ್ವಸತಿಯ ಲೆಕ್ಕಪತ್ರಗಳಲ್ಲಿ ಈ ನಷ್ಟಕ್ಕೆ ಅಂಕಣವಿರಲಿಲ್ಲ.