ವಿದ್ಯುತ್ ಪವರ್ ಸ್ಟೀರಿಂಗ್ ಇರುವ ಪಿಕಪ್ ವಾಹನಗಳು: ಅರ್ಹತಾ ಪತ್ರ ನವೀಕರಣಕ್ಕೆ ಮುನ್ನ ದೋಷ ಪರಿಶೀಲನೆ

ಸರಕು ಸಾಗಣೆಯ ಪಿಕಪ್ ವಾಹನಕ್ಕೆ ಅರ್ಹತಾ ಪತ್ರದ ನವೀಕರಣ ಕೋರಿ ಅರ್ಜಿ ಸಲ್ಲಿಸುವವರು ಸ್ಟೀರಿಂಗ್ ವ್ಯವಸ್ಥೆಯನ್ನು ಮುಂಚಿತವಾಗಿ ಪರಿಶೀಲಿಸಿಕೊಳ್ಳತಕ್ಕದ್ದು.

ವಿದ್ಯುತ್ ಮೋಟಾರಿನ ನೆರವು ಪಡೆಯುವ ಸ್ಟೀರಿಂಗಿನಲ್ಲಿ ಎಣ್ಣೆಯ ಪಂಪು ಇರುವುದಿಲ್ಲ. ಸ್ಟೀರಿಂಗ್ ಭಾರವಾದಾಗ ಎಣ್ಣೆ ಹಾಕಿಸುವ ಹಳೆಯ ರೂಢಿ ಇಲ್ಲಿ ಅನ್ವಯಿಸದು. ಎಚ್ಚರಿಕೆ ದೀಪ ಉರಿಯುತ್ತಿದ್ದಲ್ಲಿ ಮೊದಲು ಬ್ಯಾಟರಿಯನ್ನು ಪರೀಕ್ಷಿಸಬೇಕು. ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್, ಚಾಲನೆಯಲ್ಲಿರುವಾಗ ಸುಮಾರು 14 ವೋಲ್ಟ್ ಇರುವುದು ಸಹಜ. ವಾಹನ ನಿಂತಲ್ಲಿಯೇ ಸ್ಟೀರಿಂಗ್ ತಿರುಗಿಸುವಾಗ ಮೋಟಾರು ಹೆಚ್ಚು ವಿದ್ಯುತ್ ಸೆಳೆಯುತ್ತದೆ. ಆಗ ಕಿಲುಬು ಹಿಡಿದ ಟರ್ಮಿನಲ್ ಅಥವಾ ಸಡಿಲವಾದ ಅರ್ತ್ ತಂತಿ ಇದ್ದರೂ ನೆರವು ನಿಂತುಹೋಗಬಹುದು. ಫ್ಯೂಸನ್ನೂ ನೋಡಿಸುವುದು. ಸ್ಕ್ಯಾನರ್ ತೋರಿಸುವ ದೋಷ ಸಂಕೇತವನ್ನು ಅಳಿಸುವ ಮುನ್ನ ಬರೆದಿಟ್ಟುಕೊಳ್ಳತಕ್ಕದ್ದು. ಇವಿಷ್ಟನ್ನು ಪರಿಶೀಲಿಸದೆ ಮೋಟಾರನ್ನೇ ಬದಲಾಯಿಸುವುದು ಬಹುಪಾಲು ವ್ಯರ್ಥ ವೆಚ್ಚ.

ದೀಪ ಉರಿಯದೆ ಭಾರವೆನಿಸಿದರೆ ಟೈರಿನ ಗಾಳಿ, ಬಾಲ್ ಜಾಯಿಂಟ್ ಹಾಗೂ ವೀಲ್ ಅಲೈನ್‌ಮೆಂಟ್ ನೋಡಿಸಬೇಕು. ಮೆಕ್ಯಾನಿಕ್‌ಗಳು ‘ಪ್ಲೇ’ ಎನ್ನುವ ಸಡಿಲವು ಸಾಮಾನ್ಯವಾಗಿ ಯಾಂತ್ರಿಕ ದೋಷ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 98ರಂತೆ ಅದು ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿ ಮೀರತಕ್ಕದ್ದಲ್ಲ.

ವಿದ್ಯುತ್ ನೆರವು ನಿಂತರೂ ಯಾಂತ್ರಿಕ ಜೋಡಣೆಯಿಂದ ವಾಹನ ತಿರುಗುತ್ತದೆ, ಆದರೆ ಬಹಳ ಬಲ ಬೇಕಾಗುತ್ತದೆ. ಅಂತಹ ವಾಹನವನ್ನು ಸರಕು ತುಂಬಿ ಘಟ್ಟದ ರಸ್ತೆಗೆ ಒಯ್ಯಬಾರದು.